‘ನಿನ್ನೆ ಹೇಗಿದ್ದರು?’: ಹಿರಿಯರ ತುರ್ತು ಆರೈಕೆಗೆ ಆಂಬುಲೆನ್ಸ್ ಸಿಬ್ಬಂದಿಯನ್ನು ತಯಾರು ಮಾಡುವ ಬಗೆ

ಬಚ್ಚಲಲ್ಲಿ ಜಾರಿ ಬಿದ್ದ 78 ವರ್ಷದ ಅಜ್ಜಿ. ಆಂಬುಲೆನ್ಸ್ ಮನೆ ಮುಟ್ಟುವಷ್ಟರಲ್ಲಿ ಮನೆಯವರು ಮಂಚದ ಮೇಲೆ ಮಲಗಿಸಿದ್ದರು. ಕೇಳಿದ್ದಕ್ಕೆ ಉತ್ತರವನ್ನೂ ಕೊಡುತ್ತಿದ್ದರು. ಬಿಪಿ 108/70, ನಾಡಿ 72. ಹಾಳೆಯ ಮೇಲೆ ‘ನಾರ್ಮಲ್’ ಎಂದು ಬಿತ್ತು. ಸ್ವಲ್ಪ ಮಂಕಾಗಿದ್ದಾರೆ ಎಂದು ಸೊಸೆ ಹೇಳಿದ್ದಕ್ಕೆ ಆಂಬುಲೆನ್ಸಿನ ಹುಡುಗರು ‘ವಯಸ್ಸಾಯ್ತಲ್ಲಮ್ಮ’ ಎಂದರಂತೆ. ನಾನು ಆಗ ತುರ್ತು ವಿಭಾಗದಲ್ಲಿ ನರ್ಸ್. ಸ್ಟ್ರೆಚರ್ ಒಳಗೆ ಬಂದಾಗ ಅಜ್ಜಿಯ ಕೈ ಹಿಡಿದೆ, ತಣ್ಣಗೆ ಕೊರೆಯುತ್ತಿತ್ತು. ಸೊಂಟದ ಗೂಡಿನ ಮೂಳೆ ಮುರಿದು ಒಳಗೊಳಗೇ ರಕ್ತ ಹೋಗುತ್ತಿತ್ತು. ಅವರ ಮಾಮೂಲಿ ಬಿಪಿ 160ರ ಆಸುಪಾಸು. ಅಂಥವರಿಗೆ 108 ಎಂದರೆ ಪಾತಾಳ. ನಾಡಿ ಯಾಕೆ ಏರಲಿಲ್ಲ? ದಿನಾ ಬೆಳಿಗ್ಗೆ ನುಂಗುತ್ತಿದ್ದ ಮೆಟೊಪ್ರೊಲಾಲ್ ಮಾತ್ರೆ ಅದನ್ನು ಏರಲು ಬಿಟ್ಟಿರಲಿಲ್ಲ.

ಅಜ್ಜಿ ಬದುಕಿಕೊಂಡರು. ಆ ಹುಡುಗರದು ಸೋಮಾರಿತನ ಅಲ್ಲ ಎಂಬುದು ನನಗೆ ಅವತ್ತೇ ಗೊತ್ತಿತ್ತು. ಹೃದಯ ನಿಂತರೆ ಏನು ಮಾಡಬೇಕು, ಹೆರಿಗೆ ಹೇಗೆ ಮಾಡಿಸಬೇಕು, ಅಪಘಾತದಲ್ಲಿ ಕತ್ತು ಹೇಗೆ ಹಿಡಿಯಬೇಕು, ಎಲ್ಲ ಅವರಿಗೆ ಹೇಳಿಕೊಟ್ಟಿದ್ದರು. ಮುದಿ ದೇಹ ಬೇರೆಯದೇ ಭಾಷೆ ಆಡುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಕರ್ನಾಟಕಕ್ಕೆ 108 ಸೇವೆ ಬಂದಿದ್ದು 2008ರಲ್ಲಿ. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಮಿಕ್ಕಿದ್ದರು. ಈಗ ಆಂಬುಲೆನ್ಸ್ ಹತ್ತುವವರಲ್ಲಿ ಬಿಳಿಗೂದಲಿನವರು ಎಷ್ಟು ಜನ ಎಂದು ಯಾವ ಇಎಂಟಿಯನ್ನು (ಆಂಬುಲೆನ್ಸಿನಲ್ಲಿ ರೋಗಿಯನ್ನು ನೋಡಿಕೊಳ್ಳುವ ತಂತ್ರಜ್ಞ) ಕೇಳಿದರೂ ಹೇಳುತ್ತಾರೆ. ತಾಲ್ಲೂಕು ಆಸ್ಪತ್ರೆಯ ನರ್ಸಿಂಗ್ ಅಧಿಕಾರಿ, ಆಂಬುಲೆನ್ಸ್ ತರಬೇತುದಾರ, ಪ್ರಥಮ ಚಿಕಿತ್ಸೆ ಕಲಿಸುವ ಸ್ವಯಂಸೇವಕರು, ಯಾರೇ ಆಗಲಿ ಎರಡು ದಿನ ಬಿಡುವು ಮಾಡಿಕೊಂಡರೆ ಈ ತರಬೇತಿ ನಡೆಸಬಹುದು. ಔಷಧಿ ಕೊಡುವ ವಿಷಯಕ್ಕೆ ಮಾತ್ರ ನಿಮ್ಮ ವೈದ್ಯಾಧಿಕಾರಿ ಒಪ್ಪಿದ ಕ್ರಮವೇ ಕೊನೆಯ ಮಾತು. ಅವರನ್ನೂ ಕರೆದು ಕೂರಿಸಿಕೊಳ್ಳಿ.

1. ಪೈಲಟ್‌ಗಳನ್ನು ಬಿಟ್ಟು ತರಬೇತಿ ಮಾಡಬೇಡಿ

108ರಲ್ಲಿ ಗಾಡಿ ಓಡಿಸುವವರನ್ನು ಪೈಲಟ್ ಎನ್ನುತ್ತಾರೆ. ಅಜ್ಜನ ಕಾಲಿನ ಕಡೆ ಹಿಡಿದು ಮೆಟ್ಟಿಲು ಇಳಿಸುವವರು ಅವರೇ. ಗುಂಡಿ ಬಂದಾಗ ವೇಗ ತಗ್ಗಿಸುವುದೋ ಬಿಡುವುದೋ ಅವರ ಕೈಯಲ್ಲಿದೆ. ಮುರಿದ ಸೊಂಟದವರಿಗೆ ಆ ಒಂದು ಗುಂಡಿ ಸಾಕು. ಹಾಗಾಗಿ ಇಎಂಟಿ ಮತ್ತು ಪೈಲಟ್ ಜೋಡಿಯಾಗಿಯೇ ಬರಲಿ. 16ರಿಂದ 20 ಜನ ಸಾಕು, ಅದಕ್ಕಿಂತ ಹೆಚ್ಚಾದರೆ ಹಿಂದಿನ ಬೆಂಚಿನವರು ಬರೀ ನೋಡುತ್ತಾ ಕೂರುತ್ತಾರೆ.

ಊರಿನ ಹಿರಿಯ ನಾಗರಿಕರ ಸಂಘಕ್ಕೂ ಮೊದಲೇ ಹೇಳಿಡಿ. ನಾಲ್ಕೈದು ಜನ ಹಿರಿಯರು ಎರಡನೇ ದಿನಕ್ಕೆ ಬೇಕಾಗುತ್ತಾರೆ, ರೋಗಿಯ ಪಾತ್ರ ಮಾಡುವುದಕ್ಕೆ ಮತ್ತು ಅಂಕ ಕೊಡುವುದಕ್ಕೆ. ಬರುವವರಿಗೆ ಆಟೋ ಖರ್ಚು ಕೊಡಿ, ಕುರ್ಚಿಗೆ ಕೈ ಇರಲಿ, ಶೌಚಾಲಯ ಹತ್ತಿರ ಇರಲಿ.

2. ಮೊದಲ ದಿನ ಬೆಳಿಗ್ಗೆ: ಒಂದು ಗಂಟೆ ಮುದುಕರಾಗಲಿ

ಪಾಠ ಶುರು ಮಾಡಬೇಡಿ. ಬಂದವರಿಗೆಲ್ಲ ಶೂ ಬಿಚ್ಚಿಸಿ, ಒಳಗೆ ಒಂದು ಹಿಡಿ ಕಡಲೆಕಾಳು ಹಾಕಿ ಮತ್ತೆ ತೊಡಿಸಿ. ಕಿವಿಗೆ ಹತ್ತಿ. ಹಳೆಯ ಕನ್ನಡಕದ ಗಾಜಿಗೆ ತೆಳುವಾಗಿ ವ್ಯಾಸಲೀನ್ ಸವರಿ ಕಣ್ಣಿಗೆ ಹಾಕಿಸಿ. ಬೆರಳ ಗೆಣ್ಣುಗಳಿಗೆ ಪ್ಲಾಸ್ಟರ್ ಸುತ್ತಿ, ಮೇಲೆ ಎರಡು ಜೊತೆ ಗ್ಲೌಸ್. ಒಂದು ಮಂಡಿಗೆ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ. ಆಮೇಲೆ ಕೆಲಸ ಕೊಡಿ: ಮಾತ್ರೆಯ ಸ್ಟ್ರಿಪ್ ಮೇಲಿನ ಹೆಸರು ಓದು, ಒಂದು ಮಾತ್ರೆ ಬಿಡಿಸು, ನೆಲದ ಮೇಲೆ ಮಲಗಿ ಎದ್ದೇಳು, ಫೋನಿನಲ್ಲಿ 108 ಒತ್ತು.

ಒಮ್ಮೆ ಒಬ್ಬ ಹುಡುಗ, ಗಟ್ಟಿಮುಟ್ಟಾದ ಆಳು, ಮಾತ್ರೆ ಬಿಡಿಸಲು ಹೋಗಿ ಮೂರು ಸಲ ಕೈಜಾರಿಸಿದ. ನಾಲ್ಕನೇ ಸಲ ಮಾತ್ರೆ ಸಿಡಿದು ಬೆಂಚಿನ ಕೆಳಗೆ ಹೋಯಿತು. ಬಗ್ಗಿ ಹುಡುಕಿದ, ಕಾಣಿಸಲಿಲ್ಲ. ಅಷ್ಟರಲ್ಲಿ ನಾನು ಹಿಂದಿನಿಂದ, ಬೇಕೆಂದೇ ಅವಸರದ ದನಿಯಲ್ಲಿ, ‘ಏನಜ್ಜಾ, ಬೇಗ ಹೇಳು, ಎಲ್ಲಿ ನೋವು’ ಎಂದೆ. ಹತ್ತಿ ತುಂಬಿದ ಕಿವಿಗೆ ಏನು ಕೇಳಿಸಿತೋ, ತಿರುಗಿ ನನ್ನ ಮುಖ ನೋಡುತ್ತಾ ನಿಂತುಬಿಟ್ಟ. ಕನ್ನಡಕ ತೆಗೆದ ಮೇಲೆ ಅವನು ಹೇಳಿದ್ದು ಒಂದೇ ಮಾತು: ‘ಮೇಡಂ, ನಮ್ಮಜ್ಜಿಗೆ ದಿನಾ ಹೀಗೇ ಬೈತಿದ್ದೆ.’ ಆ ಬ್ಯಾಚಿಗೆ ನಾನು ಸೌಜನ್ಯದ ಬಗ್ಗೆ ಬೇರೆ ಪಾಠ ಮಾಡಲಿಲ್ಲ.

3. ಮಾತಾಡಿಸುವುದು ಹೇಗೆ

ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಒಗ್ಗುವುದಿಲ್ಲ. ಆದರೆ ಎಲ್ಲರನ್ನೂ ‘ಅಜ್ಜಿ, ತಾತ’ ಎನ್ನುವುದೂ ಸರಿಯಲ್ಲ. ನಿವೃತ್ತ ಹೆಡ್‌ಮೇಷ್ಟ್ರಿಗೆ ‘ಮೇಷ್ಟ್ರೇ’ ಎಂದರೆ ಅರ್ಧ ಗಾಬರಿ ಇಳಿಯುತ್ತದೆ. ವಿಜಯಪುರ, ಕಲಬುರಗಿ ಕಡೆ ‘ಮುತ್ಯಾ’ ಎಂದರೆ ಮೊಮ್ಮಗ ಬಂದಹಾಗೆ. ಮನೆಯವರು ಏನೆಂದು ಕರೆಯುತ್ತಾರೆ ಎಂಬುದನ್ನು ಬಾಗಿಲಲ್ಲೇ ಕಿವಿಗೊಟ್ಟು ಕೇಳಿ. ಗೊತ್ತಾಗದಿದ್ದರೆ ‘ಅಮ್ಮಾ’, ‘ಯಜಮಾನ್ರೇ’ ಎಲ್ಲಿಯೂ ನಡೆಯುತ್ತದೆ. ಏಕವಚನ ಮಾತ್ರ ಬೇಡ.

ಅಭ್ಯಾಸ ಮಾಡಿಸಬೇಕಾದ್ದು ಇಷ್ಟು: ಟಿವಿ ಆರಿಸು, ಲೈಟ್ ಹಾಕು, ಎದುರಿಗೆ ಅವರ ಕಣ್ಣಿನ ಮಟ್ಟಕ್ಕೆ ಕೂತುಕೋ, ಮಾಸ್ಕ್ ಇಳಿಸಬಹುದಾದರೆ ಇಳಿಸು. ಕಿರುಚಬೇಡ. ಕಿವಿ ಮಂದವಾದವರಿಗೆ ಕೀರಲು ದನಿ ಇನ್ನೂ ಕೇಳಿಸುವುದಿಲ್ಲ, ದನಿ ತಗ್ಗಿಸಿ ನಿಧಾನವಾಗಿ ಹೇಳಿದರೆ ಕೇಳಿಸುತ್ತದೆ. ಕಿವಿಯ ಯಂತ್ರ ಇದ್ದರೆ ಹುಡುಕಿ ಹಾಕು. ಇಲ್ಲವೇ ನಿನ್ನ ಸ್ಟೆತಸ್ಕೋಪನ್ನು ಅವರ ಕಿವಿಗೆ ಹಾಕಿ, ಇತ್ತ ತುದಿಯಲ್ಲಿ ಮೆಲ್ಲಗೆ ಮಾತಾಡು. ಅಜ್ಜನ ಮುಖ ಅರಳುವುದನ್ನು ನೋಡಬೇಕು. ಒಂದು ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸು. ಉತ್ತರ ಬರುತ್ತದೆ, ತಡವಾಗಿ ಬರುತ್ತದೆ.

ಮೊದಲ ಪ್ರಶ್ನೆ ರೋಗಿಗೇ ಹೋಗಲಿ, ಮಗನಿಗಲ್ಲ. ಮಗನ ಸರದಿ ಆಮೇಲೆ.

4. ನಿನ್ನೆ ಹೇಗಿದ್ದರು?

ಇಡೀ ತರಬೇತಿಯಲ್ಲಿ ಒಂದೇ ವಾಕ್ಯ ನೆನಪಿನಲ್ಲಿ ಉಳಿಯುವುದಾದರೆ ಅದು ಇದೇ ಆಗಲಿ. ಗೋಡೆಗೆ ದೊಡ್ಡದಾಗಿ ಬರೆದು ಹಚ್ಚಿ. ‘ಅರಳುಮರಳು’ ಎಂಬ ಮಾತು ನಮ್ಮಲ್ಲಿ ಎಷ್ಟು ಜೀವ ತೆಗೆದಿದೆಯೋ. ವರ್ಷಗಳಿಂದ ನಿಧಾನವಾಗಿ ಬಂದ ಮರೆವು ಬೇರೆ, ನಿನ್ನೆ ಪೇಪರ್ ಓದಿದವರು ಇವತ್ತು ಮಗಳನ್ನೇ ಗುರುತಿಸದಿರುವುದು ಬೇರೆ. ಎರಡನೆಯದನ್ನು ಡೆಲಿರಿಯಂ ಎನ್ನುತ್ತಾರೆ. ಅದರ ಹಿಂದೆ ಮೂತ್ರದ ಸೋಂಕು, ನ್ಯುಮೋನಿಯಾ, ಸಕ್ಕರೆ ಇಳಿತ, ಸೋಡಿಯಂ ಇಳಿತ, ಹೃದಯಾಘಾತ, ಹೊಸ ಮಾತ್ರೆ, ಕಟ್ಟಿದ ಮೂತ್ರ, ಏನು ಬೇಕಾದರೂ ಇರಬಹುದು. ಮರೆವಿನ ಕಾಯಿಲೆ ಇರುವವರಿಗೂ ಅದರ ಮೇಲೆ ಡೆಲಿರಿಯಂ ಬರುತ್ತದೆ. ಗದ್ದಲ ಮಾಡುವವರಷ್ಟೇ ಅಲ್ಲ, ಮಾತಿಲ್ಲದೆ ಮಂಕು ಕವಿದಂತೆ ಮಲಗಿದವರಿಗೂ ಇರುವುದು ಅದೇ. ಈ ಎರಡನೇ ಬಗೆಯವರೇ ಕಣ್ತಪ್ಪುವುದು, ಗಲಾಟೆ ಇಲ್ಲವಲ್ಲ.

ಹಾಗಾಗಿ ಕ್ರಮ ಹೀಗೆ ಕಲಿಸಿ. ಮೊದಲು ಸಕ್ಕರೆ ಪರೀಕ್ಷೆ, ಗೊಂದಲದಲ್ಲಿರುವ ಪ್ರತಿಯೊಬ್ಬರಿಗೂ, ತಪ್ಪದೆ. ಆಮೇಲೆ ಮನೆಯವರಿಗೆ ಮೂರು ಪ್ರಶ್ನೆ: ಯಾವಾಗಿನಿಂದ ಹೀಗೆ? ಒಂದು ಹೊತ್ತು ಸರಿ, ಒಂದು ಹೊತ್ತು ಕೆಟ್ಟು, ಹಾಗೆ ಆಗುತ್ತಿದೆಯೇ? ಮೊದಲು ತಾವೇ ಸ್ನಾನ, ಊಟ, ದೇವರಪೂಜೆ ಮಾಡಿಕೊಳ್ಳುತ್ತಿದ್ದರೇ? ರೋಗಿಗೆ ಒಂದು ಸಣ್ಣ ಪರೀಕ್ಷೆ: ವಾರದ ದಿನಗಳನ್ನು ಭಾನುವಾರದಿಂದ ಹಿಂದಕ್ಕೆ ಹೇಳಿಸಿ. ‘ಶನಿವಾರ, ಶುಕ್ರವಾರ...’ ಎಂದು ಹೇಳುತ್ತಾ ನಡುವೆ ಎಲ್ಲಿಗೋ ಹೊರಟುಹೋದರೆ ಗಮನ ನಿಲ್ಲುತ್ತಿಲ್ಲ ಎಂದು ತಿಳಿಯಿರಿ. ‘ಪ್ರಧಾನಿ ಯಾರು’ ಎಂಬ ಪ್ರಶ್ನೆಗಿಂತ ಇದು ವಾಸಿ, ಓದು ಬರಹ ಬಾರದವರೂ ಹೇಳಬಲ್ಲರು.

ಬಾಯಿ ಸೊಟ್ಟಗಾಗಿದ್ದರೆ, ಒಂದು ಕೈ ಬಿದ್ದುಹೋಗಿದ್ದರೆ, ಮಾತು ತೊದಲಿದರೆ ಲಕ್ವ ಎಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಸಮಯದ ಲೆಕ್ಕ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಅದನ್ನು ಎಣಿಸುವುದು ಕೊನೆಯ ಸಲ ಸರಿಯಾಗಿದ್ದುದನ್ನು ಕಂಡ ಗಳಿಗೆಯಿಂದ. ಬೆಳಿಗ್ಗೆ ಏಳುವಾಗಲೇ ಕೈ ಬಿದ್ದಿದ್ದರೆ ರಾತ್ರಿ ಮಲಗಿದ ಹೊತ್ತೇ ಲೆಕ್ಕ. ‘ಎಷ್ಟು ಗಂಟೆಗೆ’ ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರ ಸಿಗುವುದಿಲ್ಲ. ‘ಹಾಲಿನವನು ಬಂದಾಗ ಮಾತಾಡಿದ್ರಾ? ಯಾವ ಸೀರಿಯಲ್ ಬರ್ತಿತ್ತು?’ ಎಂದು ಕೇಳಿದರೆ ಸಿಗುತ್ತದೆ. ಸಕ್ಕರೆ ಇಳಿದಾಗಲೂ ಲಕ್ವದಂತೆಯೇ ಕಾಣಬಹುದು. ಗ್ಲುಕೋಮೀಟರ್ ಮೊದಲು ಹೊರಗೆ ಬರಲಿ ಎಂದಿದ್ದು ಅದಕ್ಕೇ.

5. ಸುಳ್ಳು ಹೇಳುವ ಅಂಕಿಗಳು

65 ದಾಟಿದವರು ಬಿದ್ದು ಪೆಟ್ಟಾಗಿದ್ದರೆ, ಮೇಲಿನ ಬಿಪಿ 110ಕ್ಕಿಂತ ಕೆಳಗಿದ್ದರೆ ಶಾಕ್, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿ, ಎಂದೇ ಅನುಮಾನಿಸಬೇಕು. ಯುವಕರಿಗೆ ಕಲಿಸುವ 90ರ ಲೆಕ್ಕ ಇಲ್ಲಿ ಸಲ್ಲದು. ನಾಡಿಯ ಸಂಖ್ಯೆ ಬಿಪಿಯ ಮೇಲಿನ ಸಂಖ್ಯೆಯನ್ನು ದಾಟಿದರೂ ಅಪಾಯವೇ. ಸೋಂಕಿದ್ದರೂ ಜ್ವರ ಬರದಿರಬಹುದು. ಹೊಟ್ಟೆಯೊಳಗೆ ಕರುಳು ತೂತಾಗಿದ್ದರೂ ಹೊಟ್ಟೆ ಮೆತ್ತಗೇ ಇರಬಹುದು.

ಹೃದಯಾಘಾತದ ಬಗ್ಗೆ ಸ್ವಲ್ಪ ಹೆಚ್ಚೇ ಹೊತ್ತು ಕೊಡಿ. ವಯಸ್ಸಾದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ ಎದೆನೋವು ಇಲ್ಲದೆಯೂ ಹೃದಯಾಘಾತ ಆಗುತ್ತದೆ. ಬರೀ ಉಬ್ಬಸ, ಬೆವರು, ವಾಂತಿ, ಸುಸ್ತು, ‘ಏನೋ ಸಂಕಟ’. ನಮ್ಮ ಹಿರಿಯರು ಅದಕ್ಕೆ ಇಡುವ ಹೆಸರು ‘ಗ್ಯಾಸ್’. ಜೀರಿಗೆ ಕಷಾಯ ಆಗಿದೆ, ಸೋಡಾ ಆಗಿದೆ, ಓಮದ ನೀರೂ ಆಗಿದೆ, ಎರಡು ತಾಸು ಕಳೆದ ಮೇಲೆ ಆಂಬುಲೆನ್ಸಿಗೆ ಫೋನು. ‘ಗ್ಯಾಸ್’ ಎಂದು ಕೇಳಿದ ತಕ್ಷಣ ಇಸಿಜಿ ನೆನಪಾಗುವಂತೆ ಹುಡುಗರನ್ನು ಪಳಗಿಸಿ. ಗಾಡಿಯಲ್ಲಿ ಇಸಿಜಿ ಇಲ್ಲವೇ? ಹಾಗಾದರೆ ಇಸಿಜಿ ಇರುವ ಆಸ್ಪತ್ರೆಗೇ ಒಯ್ಯಬೇಕು, ದಾರಿಯಲ್ಲೇ ಅಲ್ಲಿಗೆ ತಿಳಿಸಬೇಕು.

ಸೌದೆ ಒಲೆಯ ಮುಂದೆ ನಲವತ್ತು ವರ್ಷ ಕೂತ ಅಜ್ಜಿಯರಿಗೆ ಬೀಡಿ ಸೇದದೆಯೂ ಶ್ವಾಸಕೋಶ ಕೆಟ್ಟಿರುತ್ತದೆ. ಅಂಥ ಹಳೆಯ ಸಿಒಪಿಡಿ (ಉಸಿರುನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ಇದ್ದರೆ ರಕ್ತದ ಆಮ್ಲಜನಕದ ಗುರಿ ಶೇಕಡಾ 88ರಿಂದ 92, ನೂರಕ್ಕೆ ಏರಿಸುವ ಹಟ ಬೇಡ. ಡ್ರಿಪ್ ಕೊಡುವಾಗಲೂ ಸ್ವಲ್ಪ ಸ್ವಲ್ಪವೇ, 250 ಮಿ.ಲೀ. ಹೋದ ಮೇಲೆ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ ಮುಂದುವರಿಯುವುದು.

6. ಮಾತ್ರೆ ಚೀಲ ಸುರಿಯಿರಿ

ಪ್ರತಿ ಮನೆಯಲ್ಲೂ ಒಂದು ಇರುತ್ತದೆ: ಜವಳಿ ಅಂಗಡಿಯ ಕೈಚೀಲ, ಇಲ್ಲವೇ ಬಿಸ್ಕತ್ತಿನ ಡಬ್ಬಿ. ಅದನ್ನು ಹೋಲುವಂತೆ ನೀವೇ ಒಂದು ಚೀಲ ತಯಾರು ಮಾಡಿ. ಖಾಲಿ ಸ್ಟ್ರಿಪ್‌ಗಳು, ಅರ್ಧ ಕತ್ತರಿಸಿ ಹೆಸರು ಹೋದವು, ಎರಡು ಕಂಪನಿಯ ಹೆಸರಿನಲ್ಲಿ ಒಂದೇ ಮಾತ್ರೆ, ತೀರಿಕೊಂಡ ಗಂಡನ ಹಳೆಯ ಮಾತ್ರೆ, ನಾಟಿ ಔಷಧಿಯ ಪುಡಿ. ಮೇಜಿನ ಮೇಲೆ ಸುರಿದು ಐದು ನಿಮಿಷ ಕೊಡಿ. ಇಎಂಟಿಗೆ ಎಲ್ಲ ಔಷಧಿಯ ಹೆಸರೂ ಗೊತ್ತಿರಬೇಕಿಲ್ಲ. ನಾಲ್ಕು ಗುಂಪು ಕಣ್ಣಿಗೆ ಬಿದ್ದರೆ ಸಾಕು.

ರಕ್ತ ತೆಳು ಮಾಡುವ ಮಾತ್ರೆಗಳು: ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್ ಮೊದಲಾದವು. ಇವು ಇದ್ದು ತಲೆಗೆ ಪೆಟ್ಟಾಗಿದ್ದರೆ, ರೋಗಿ ಎದ್ದು ಕಾಫಿ ಕುಡಿಯುತ್ತಿದ್ದರೂ ಸಿಟಿ ಸ್ಕ್ಯಾನ್ ಇರುವ ಕಡೆಗೇ ಹೋಗಬೇಕು. ವಯಸ್ಸಾದಂತೆ ಮೆದುಳು ಕುಗ್ಗಿ ತಲೆಬುರುಡೆಯೊಳಗೆ ಜಾಗ ಆಗಿರುತ್ತದೆ. ರಕ್ತ ಅಲ್ಲಿ ಸದ್ದಿಲ್ಲದೆ ತುಂಬುತ್ತದೆ, ಲಕ್ಷಣ ದಿನಗಟ್ಟಲೆ ತಡವಾಗಿ ಕಾಣಿಸಬಹುದು.

ಎರಡನೆಯದು ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಸಕ್ಕರೆ ಮಾತ್ರೆ, ಇನ್ಸುಲಿನ್. ಏಕಾದಶಿ ಎಂದು ಊಟ ಬಿಟ್ಟಿರುತ್ತಾರೆ, ಮಾತ್ರೆ ಬಿಟ್ಟಿರುವುದಿಲ್ಲ. ಎಚ್ಚರವಿದ್ದು ನುಂಗಬಲ್ಲವರಿಗೆ ಮಾತ್ರ ಬಾಯಿಗೆ ಸಕ್ಕರೆ, ಇಲ್ಲದಿದ್ದರೆ ರಕ್ತನಾಳದಲ್ಲಿ. ಎದ್ದು ಕೂತರು ಎಂದು ಮನೆಯಲ್ಲೇ ಬಿಟ್ಟು ಬರುವಂತಿಲ್ಲ. ಈ ಮಾತ್ರೆಗಳ ಪರಿಣಾಮ ಗಂಟೆಗಟ್ಟಲೆ ಇರುತ್ತದೆ, ಸಕ್ಕರೆ ಮತ್ತೆ ಇಳಿಯುತ್ತದೆ. ಮೂರನೆಯದು ನಾಡಿ ಏರಗೊಡದ ಬಿಪಿ ಮಾತ್ರೆ, ಆರಂಭದ ಅಜ್ಜಿಯ ಕಥೆ ನೆನಪಿರಲಿ. ನಾಲ್ಕನೆಯದು ನಿದ್ದೆ ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ, ರಾತ್ರಿ ಎದ್ದು ಬೀಳಿಸುವ ಜೋಡಿ. ಚೀಲವನ್ನು ಹಾಗೆಯೇ ಆಸ್ಪತ್ರೆಗೆ ಒಯ್ಯುವುದು ಕಡ್ಡಾಯ.

7. ಎತ್ತುವ ಮೊದಲು

ಬಿದ್ದವರನ್ನು ಕಂಡ ಕೂಡಲೇ ಕಂಕುಳಿಗೆ ಕೈ ಹಾಕಿ ಎಬ್ಬಿಸುವುದು ನಮ್ಮೆಲ್ಲರ ಸಹಜ ಗುಣ. ಇದನ್ನು ಬಿಡಿಸಬೇಕು. ಮೊದಲು ಎರಡು ಪಾದ ಜೋಡಿಸಿ ನೋಡಿ: ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿದ್ದರೆ ತೊಡೆಮೂಳೆಯ ಕತ್ತು ಮುರಿದಿರುವ ಸಂಭವ ಹೆಚ್ಚು. ಆ ಕಾಲನ್ನು ಎಳೆದು ನೆಟ್ಟಗೆ ಮಾಡಬೇಡಿ, ಇದ್ದಂತೆಯೇ ದಿಂಬು, ಕಂಬಳಿ ಇಟ್ಟು ಆನಿಸಿ. ನೋವಿಗೂ ಏನಾದರೂ ಮಾಡಬೇಕು. ‘ಅಜ್ಜಿ ಅಳುತ್ತಿಲ್ಲ’ ಎಂದರೆ ನೋವಿಲ್ಲ ಎಂದಲ್ಲ. 108ರ ಕಾಲ್‌ಸೆಂಟರಿನ ವೈದ್ಯರನ್ನು ಕೇಳಿ.

ಎಷ್ಟು ಹೊತ್ತು ನೆಲದ ಮೇಲಿದ್ದರು ಎಂಬುದನ್ನು ಬರೆದುಕೊಳ್ಳಿ. ಒಂದು ಗಂಟೆ ದಾಟಿದ್ದರೆ ಅದು ಬೇರೆಯೇ ಕಾಯಿಲೆ: ಮೈ ತಣ್ಣಗಾಗಿರುತ್ತದೆ, ಒತ್ತಿದ ಕಡೆ ಸ್ನಾಯು ಜಜ್ಜಿ ಕಿಡ್ನಿಗೆ ಪೆಟ್ಟು ಬೀಳಬಹುದು.

ಬೆನ್ನು ಗೂನಾದವರನ್ನು ಹಲಗೆಯ ಮೇಲೆ ಚಪ್ಪಟೆ ಮಲಗಿಸಿ ಕತ್ತು ಒತ್ತಿದರೆ ಇಲ್ಲದ ಮೂಳೆಮುರಿತ ನಾವೇ ತಂದಂತೆ. ತಲೆಯ ಕೆಳಗೆ ಎಷ್ಟು ಖಾಲಿ ಇದೆಯೋ ಅಷ್ಟನ್ನು ಮಡಿಸಿದ ಟವೆಲ್‌ನಿಂದ ತುಂಬಿ, ಕತ್ತು ಅವರ ಮಾಮೂಲಿ ಬಾಗಿನಲ್ಲೇ ಇರಲಿ. ಇದನ್ನು ಪ್ರತಿಯೊಬ್ಬರಿಂದ ಮಾಡಿಸಿ. ಪ್ಲಾಸ್ಟರ್ ಕೀಳುವಾಗ ಚರ್ಮವೇ ಕಿತ್ತು ಬರಬಹುದು, ಸಾಧ್ಯವಾದಲ್ಲಿ ಬ್ಯಾಂಡೇಜ್ ಸುತ್ತಿಯೇ ಕ್ಯಾನುಲಾ (ಡ್ರಿಪ್‌ಗೆ ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಕಟ್ಟಿ. ಕಟ್ಟುಹಲ್ಲು ಬಿಗಿಯಾಗಿದ್ದರೆ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬೂ ಬ್ಯಾಗ್ ಒತ್ತುವಾಗ ಬಾಯಲ್ಲೇ ಇರಲಿ, ಮಾಸ್ಕ್ ಚೆನ್ನಾಗಿ ಕೂರುತ್ತದೆ. ಸಡಿಲವಾಗಿದ್ದರೆ ತೆಗೆದು ಡಬ್ಬಿಯಲ್ಲಿ ಹಾಕಿ ಜೊತೆಗೆ ಕಳಿಸಿ.

8. ಮನೆಯನ್ನು ಓದುವುದು

ಅಮೆರಿಕದಲ್ಲಿ ಹಿರಿಯರ ತುರ್ತು ಆರೈಕೆಗೆಂದೇ ಇರುವ ‘ಜೆಮ್ಸ್’ ತರಬೇತಿಯಲ್ಲಿ ದೇಹ ಮತ್ತು ರೋಗದ ಜೊತೆ ಮನೆಯ ಪರಿಸರ, ಸಾಮಾಜಿಕ ಸ್ಥಿತಿ ಎರಡನ್ನೂ ತಪಾಸಣೆಯ ಭಾಗವಾಗಿಯೇ ಎಣಿಸುತ್ತಾರೆ. ಅದನ್ನು ನಾನು ಹಾಗೆಯೇ ಎತ್ತಿಕೊಂಡಿದ್ದೇನೆ. ಮನೆಯೊಳಗೆ ಕಾಲಿಟ್ಟವರು ಆಂಬುಲೆನ್ಸಿನವರು ಮಾತ್ರ. ಆಸ್ಪತ್ರೆಯ ವೈದ್ಯರು ಆ ಬಚ್ಚಲನ್ನು ಎಂದೂ ನೋಡುವುದಿಲ್ಲ. ಎತ್ತರದ ಹೊಸ್ತಿಲು, ಪಾಚಿ ಹಿಡಿದ ಹಿತ್ತಿಲ ಕಲ್ಲು, ಬಲ್ಬ್ ಇಲ್ಲದ ಓಣಿ, ಮೂರು ದಿನದ ಹಳೆಯ ಅನ್ನ, ತೆರೆಯದ ಮಾತ್ರೆ ಸ್ಟ್ರಿಪ್: ಎರಡು ಸಾಲಿನಲ್ಲಿ ಬರೆದುಕೊಂಡರೆ ಸಾಕು.

ಕೆಲವೊಮ್ಮೆ ಕಾಣಬಾರದ್ದೂ ಕಾಣುತ್ತದೆ. ತೋಳಿನ ಒಳಭಾಗದಲ್ಲಿ ಹಳತು ಹೊಸತು ಬೆರೆತ ಕಂದುಗುರುತು, ಹೇಳಿದ ಕಥೆಗೂ ಗಾಯಕ್ಕೂ ತಾಳೆಯಾಗದಿರುವುದು, ಅಜ್ಜಿ ಬಾಯಿ ತೆರೆಯುವ ಮೊದಲೇ ಬೇರೆಯವರು ಉತ್ತರಿಸುವುದು, ಒದ್ದೆ ಹಾಸಿಗೆಯಲ್ಲಿ ಹುಣ್ಣು. ಅಲ್ಲಿ ಜಗಳಕ್ಕೆ ನಿಲ್ಲಬೇಡಿ, ಆರೋಪ ಮಾಡಬೇಡಿ. ಗಾಡಿಯೊಳಗೆ ಒಬ್ಬರೇ ಸಿಕ್ಕಾಗ ಮೆಲ್ಲಗೆ ‘ಮನೇಲಿ ಯಾರಾದ್ರೂ ಹೆದರಿಸ್ತಾರಾ ಅಮ್ಮಾ?’ ಎಂದು ಕೇಳಿ. ಕಂಡದ್ದನ್ನು, ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದು ವೈದ್ಯರ ಕೈಗೆ ಕೊಡಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ತಕ್ಷಣದ ಅಪಾಯಕ್ಕೆ 112.

ಇನ್ನೊಂದನ್ನು ನಾನು ಬಹಳ ತಡವಾಗಿ ಕಲಿತೆ. ಅಜ್ಜಿಯನ್ನು ಗಾಡಿಗೆ ಹಾಕಿಕೊಂಡು ಹೊರಟಾಗ ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅಜ್ಜ ಒಬ್ಬರೇ ಉಳಿದಿರಬಹುದು. ಅವರಿಗೆ ಊಟ, ಮಾತ್ರೆ ಕೊಡುತ್ತಿದ್ದವರು ಈ ಅಜ್ಜಿಯೇ. ‘ಮನೇಲಿ ಇನ್ಯಾರು ಇದ್ದಾರೆ, ಅವರನ್ನ ಯಾರು ನೋಡ್ಕೋತಾರೆ?’ ಎಂದು ಕೇಳದೆ ಬಾಗಿಲು ಎಳೆಯಬಾರದು. ಪಕ್ಕದ ಮನೆಯವರಿಗೆ ಒಂದು ಮಾತು, ಮಗಳಿಗೆ ಒಂದು ಫೋನು, ಅಷ್ಟೇ. ಹೊರಡುವ ಮೊದಲು ಕೈಚೀಲದಲ್ಲಿ ಕನ್ನಡಕ, ಕಿವಿಯಂತ್ರ, ಹಲ್ಲು, ಊರುಗೋಲು, ಆಸ್ಪತ್ರೆ ಫೈಲು ಇವೆಯೇ ನೋಡಿಕೊಳ್ಳಿ. ಕನ್ನಡಕವಿಲ್ಲದೆ ವಾರ್ಡಿಗೆ ಹೋದವರು ಅರ್ಧ ಕುರುಡರಾಗಿ ಇನ್ನಷ್ಟು ಗೊಂದಲಕ್ಕೆ ಬೀಳುತ್ತಾರೆ.

9. ಆಸ್ಪತ್ರೆಯ ಬಾಗಿಲಲ್ಲಿ

ಹಸ್ತಾಂತರದ ಮಾತು ಒಂದು ನಿಮಿಷ ದಾಟಬಾರದು, ಹಾಗಾಗಿ ಬಾಯಿಪಾಠವೇ ಆಗಲಿ. ಮಾದರಿಗೆ: ‘72 ವರ್ಷ, ಹೆಂಗಸು. ನಿನ್ನೆ ರಾತ್ರಿವರೆಗೆ ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು, ಇವತ್ತು ಆರು ಗಂಟೆಯಿಂದ ಮಗನ ಗುರುತು ಹಿಡಿಯುತ್ತಿಲ್ಲ. ಸಕ್ಕರೆ 140. ಮಾಮೂಲಿ ಬಿಪಿ 150, ಈಗ 104. ಜ್ವರ ಇಲ್ಲ, ಉಸಿರು ನಿಮಿಷಕ್ಕೆ 28. ರಕ್ತ ತೆಳು ಮಾಡುವ ಮಾತ್ರೆ ಇದೆ. ಮಾತ್ರೆ ಚೀಲ ಇಲ್ಲಿದೆ.’

10. ಎರಡನೇ ದಿನ ಮಧ್ಯಾಹ್ನ: ಅಂಕ ಕೊಡುವವರು ಹಿರಿಯರು

ಸಂಘದಿಂದ ಬಂದ ಹಿರಿಯರಿಗೆ ಒಬ್ಬೊಬ್ಬರಿಗೆ ಒಂದು ಪಾತ್ರ: ‘ಗ್ಯಾಸ್’ ಎನ್ನುವ ಹೃದಯಾಘಾತ, ಏಕಾದಶಿಯ ಸಕ್ಕರೆ ಇಳಿತ, ಜಾರಿ ಬಿದ್ದ ವಾರ್ಫರಿನ್ ತಾತ, ಸೊಸೆಗೆ ಹೆದರಿ ಬಾಯಿ ಬಿಡದ ಅಜ್ಜಿ. ಜೋಡಿಗೆ ಹದಿನೈದು ನಿಮಿಷ. ನೀವು ತಪಾಸಣೆಗೆ ಅಂಕ ಕೊಡಿ. ಉಳಿದರ್ಧ ಹಿರಿಯರ ಕೈಯಲ್ಲಿ: ನನ್ನ ಮಾತು ಕೇಳಿಸಿಕೊಂಡರೇ, ಸೀರೆ ಸರಿ ಮಾಡಿದರೇ, ಏನು ಮಾಡುತ್ತೇವೆಂದು ಮೊದಲೇ ಹೇಳಿದರೇ? ಎತ್ತುವುದು, ಮಲಗಿಸುವುದನ್ನು ಮಾತ್ರ ಹಿರಿಯರ ಮೇಲೆ ಮಾಡಿಸಬೇಡಿ, ಅದಕ್ಕೆ ಒಬ್ಬ ಇಎಂಟಿಯೇ ಮಲಗಲಿ.

ಪ್ರಮಾಣಪತ್ರ ಅವತ್ತೇ ಕೊಡಬೇಡಿ. ಮೂರು ತಿಂಗಳು ಬಿಟ್ಟು ಪ್ರತಿಯೊಬ್ಬರೂ ಹಿರಿಯ ರೋಗಿಗಳಿಗೆ ಬರೆದ ಐದು ಕೇಸ್ ಶೀಟ್ ತರಿಸಿ. ಹೆಸರು, ಊರು ಮುಚ್ಚಿ ಒಟ್ಟಿಗೆ ಕೂತು ಓದಿ. ಎರಡನ್ನು ಮಾತ್ರ ಹುಡುಕಿ: ಮಾತ್ರೆಗಳ ಹೆಸರು, ಮತ್ತು ‘ಮೊದಲು ಹೇಗಿದ್ದರು’ ಎಂಬ ಒಂದು ಸಾಲು. ಐದರಲ್ಲಿ ನಾಲ್ಕರಲ್ಲಿ ಅವು ಇದ್ದರೆ ಪ್ರಮಾಣಪತ್ರ ಕೊಡಿ. ಇಲ್ಲದಿದ್ದರೆ ಆ ಜೋಡಿಯನ್ನು ಇನ್ನೊಂದು ಬೆಳಿಗ್ಗೆ ಕರೆಸಿ, ನಾಲ್ಕನೇ ಪಾಠದಿಂದ ಮತ್ತೆ ಶುರು ಮಾಡಿ.